ಎಷ್ಟು ಕೆ.ಜಿ. ಇಳಿಸಬೇಕು? ಮೊದಲು ಕೊಬ್ಬಿನ ಲೆಕ್ಕ ಹಾಕಿ

ಮೂರು ವರ್ಷದ ಹಿಂದೆ, ಮನೆಯಲ್ಲಿ ಮದುವೆಗೆ ಇನ್ನೆರಡು ತಿಂಗಳಿದೆ ಎನ್ನುವಾಗ, ಎಂಟು ಕೆ.ಜಿ. ಇಳಿಸಿಯೇ ತೀರುತ್ತೇನೆ ಎಂದು ಹೊರಟಿದ್ದೆ. ಎಂಟೇ ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ನನ್ನ ಎತ್ತರ 160 ಸೆಂ.ಮೀ., ಅದರಲ್ಲಿ ನೂರು ಕಳೆದರೆ 60. ಆಗಿನ ತೂಕ 68. ಹಾಗಾಗಿ ಎಂಟು. ಸೇರಿಕೊಂಡಿದ್ದ ಜಿಮ್‌ನವರೂ "ಆರಾಮಾಗಿ ಆಗುತ್ತೆ ಮೇಡಂ" ಅಂದರು. ರಾತ್ರಿ ಒಂದು ಲೋಟ ಗಂಜಿ, ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ದಿನಕ್ಕೊಂದು ಗಂಟೆ ಟ್ರೆಡ್‌ಮಿಲ್. ಆರು ಕೆ.ಜಿ. ಇಳಿಯಿತು. ಮದುವೆಯ ರವಿಕೆಗಳನ್ನೆಲ್ಲ ಎರಡೆರಡು ಸಲ ಹಿಡಿಸಿಕೊಂಡೆ. ಮುಂದಿನ ತಿಂಗಳು ತಲೆ ಬಾಚಿದರೆ ಕೂದಲು ಕೈಗೆ ಬರತೊಡಗಿತು, ಶಾಲೆಯ ಎರಡನೇ ಮಹಡಿ ಹತ್ತುವಷ್ಟರಲ್ಲಿ ತೊಡೆ ನಡುಗುತ್ತಿತ್ತು. ವರ್ಷ ತುಂಬುವುದರೊಳಗೆ ತೂಕ 70ಕ್ಕೆ ಬಂದು ನಿಂತಿತು.

ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುವವಳು. ಈ ಸಲ ಗುರಿಯನ್ನು ಲೆಕ್ಕದಿಂದಲೇ ಶುರು ಮಾಡಿದೆ. ನನಗೆ ಉಪಯೋಗಕ್ಕೆ ಬಂದ ಲೆಕ್ಕ ಇನ್ನೊಬ್ಬರಿಗೂ ಬರಲಿ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಟೈಲರ್ ಟೇಪು, ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್, ಮೊಬೈಲಿನಲ್ಲಿರುವ ಕ್ಯಾಲ್ಕುಲೇಟರ್.

ಶುರುವಿಗೆ ಮುಂಚೆ ಒಂದು ಮಾತು. ಗರ್ಭಿಣಿಯರು, ಮಗುವಿಗೆ ಹಾಲುಣಿಸುತ್ತಿರುವವರು, ಹದಿನೆಂಟು ತುಂಬದವರು ಈ ಲೆಕ್ಕ ಹಾಕಿಕೊಳ್ಳುವುದು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ತಮ್ಮ ವೈದ್ಯರ ಹತ್ತಿರ ಔಷಧಿಯ ಪ್ರಮಾಣದ ಬಗ್ಗೆ ಮಾತಾಡಲೇಬೇಕು. ಔಷಧಿ ಅಷ್ಟೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು, ಅರವತ್ತೈದು ದಾಟಿದವರು, ಹಿಂದೆ ಊಟ ಬಿಟ್ಟು ಬಿಟ್ಟು ಕಾಯಿಲೆ ಮಾಡಿಕೊಂಡವರೂ ಅಷ್ಟೇ, ಮೊದಲು ವೈದ್ಯರನ್ನು ಕೇಳಿ.

ತೂಕ ಒಂದೇ, ಒಳಗಿರುವುದು ಬೇರೆ

ಎತ್ತರದಲ್ಲಿ ನೂರು ಕಳೆಯುವ ಲೆಕ್ಕ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾ ಹೆಸರಿನಲ್ಲಿ ಬಂದದ್ದು. ಈಗ ಎಲ್ಲರ ಬಾಯಲ್ಲಿರುವ ಬಿಎಂಐ (ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ) ಅದಕ್ಕೂ ಹಳೆಯದು. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಜನಸಮೂಹದ ಸರಾಸರಿ ತಿಳಿಯಲು ಮಾಡಿಕೊಂಡ ಸೂತ್ರ ಅದು. ಎರಡಕ್ಕೂ ಗೊತ್ತಿರುವುದು ಎತ್ತರ ಮತ್ತು ತೂಕ ಮಾತ್ರ. ಆ ತೂಕದಲ್ಲಿ ಕೊಬ್ಬೆಷ್ಟು, ಸ್ನಾಯು ಎಷ್ಟು, ಮೂಳೆ ಎಷ್ಟು, ನೀರೆಷ್ಟು ಎಂಬುದು ಅವುಗಳಿಗೆ ಕಾಣುವುದಿಲ್ಲ.

ಇದು ನಮ್ಮ ದೇಶದವರಿಗೆ ಎಷ್ಟು ಮುಖ್ಯ ಎಂಬುದನ್ನು ಒಂದು ಫೋಟೋ ತೋರಿಸಿಕೊಟ್ಟಿದೆ. 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವಿಜ್ಞಾನಿ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕ ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಸ್ಕ್ಯಾನ್ ಮಾಡಿ ನೋಡಿದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎನ್ನುವ ಮೈಕಟ್ಟು ನಮ್ಮ ಮನೆಮನೆಯಲ್ಲೂ ಇದೆ. ಭಾರತೀಯರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಮಿತಿಯನ್ನು ಕೆಳಗಿಳಿಸಿದ್ದೂ ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಟೇಪು ಹಿಡಿಯುವುದು

ಕೊಬ್ಬಿನ ಪ್ರಮಾಣ ತಿಳಿಯಲು ದೊಡ್ಡ ಆಸ್ಪತ್ರೆಗಳಲ್ಲಿ ಡೆಕ್ಸಾ ಸ್ಕ್ಯಾನ್ ಇದೆ. ಮೂಳೆ ಸವೆತ ನೋಡಲು ಬಳಸುವ, ತೀರಾ ಕಡಿಮೆ ಎಕ್ಸ್‌ರೇ ಹಾಯಿಸುವ ಯಂತ್ರ. ಸಿಕ್ಕರೆ ಒಳ್ಳೆಯದೇ, ಆದರೆ ಗುರಿ ಇಟ್ಟುಕೊಳ್ಳಲು ಅದು ಬೇಕೇಬೇಕು ಅಂತಿಲ್ಲ.

ಜಿಮ್‌ಗಳಲ್ಲಿ ಮತ್ತು ಈಗ ಮನೆಗಳಲ್ಲೂ ಇರುವುದು ಬರಿಗಾಲಲ್ಲಿ ನಿಲ್ಲುವ ಯಂತ್ರ. ಅದು ನಮಗೆ ಗೊತ್ತಾಗದಷ್ಟು ಸಣ್ಣ ವಿದ್ಯುತ್ತನ್ನು ಮೈಯೊಳಗೆ ಹಾಯಿಸುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ಆ ತಡೆಯನ್ನು ಅಳೆದು ಯಂತ್ರ ಕೊಬ್ಬನ್ನು ಅಂದಾಜು ಮಾಡುತ್ತದೆ. ಅಂದರೆ ಅದು ನಿಜವಾಗಿ ಅಳೆಯುವುದು ನೀರನ್ನು. ಬೆವರು ಸುರಿಸಿ ಬಂದು ನಿಂತರೆ ಒಂದು ಸಂಖ್ಯೆ, ಎರಡು ಲೋಟ ನೀರು ಕುಡಿದು ನಿಂತರೆ ಇನ್ನೊಂದು. ನನಗೇ ಒಂದು ಯಂತ್ರದಲ್ಲಿ ಸೋಮವಾರ 36, ಬುಧವಾರ 39 ತೋರಿಸಿತು. ಎರಡು ದಿನದಲ್ಲಿ ಎರಡು ಕೆ.ಜಿ. ಕೊಬ್ಬು ಹೆಚ್ಚುವುದು ಸಾಧ್ಯವೇ ಇಲ್ಲ. ಈ ಯಂತ್ರವನ್ನೇ ಬಳಸುವುದಾದರೆ ಅದೇ ಯಂತ್ರ, ಬೆಳಗ್ಗೆ ಎದ್ದು ಶೌಚ ಮುಗಿಸಿದ ಮೇಲೆ, ಏನೂ ತಿನ್ನುವ ಕುಡಿಯುವ ಮೊದಲು, ತಿಂಗಳಿಗೊಂದು ಸಲ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಅದರ ಮೇಲೆ ನಿಲ್ಲಬಾರದು.

ನಾನು ನೆಚ್ಚಿಕೊಂಡದ್ದು ಹೊಲಿಗೆ ಡಬ್ಬಿಯಲ್ಲಿದ್ದ ಟೇಪನ್ನು. 2018ರಲ್ಲಿ ಅಮೆರಿಕದ ಸಂಶೋಧಕರು ಕೊಟ್ಟ ಒಂದು ಸರಳ ಸೂತ್ರಕ್ಕೆ ಎತ್ತರ ಮತ್ತು ಸೊಂಟದ ಸುತ್ತಳತೆ ಎರಡೇ ಸಾಕು. ಆದರೆ ಸೊಂಟವನ್ನು ಸರಿಯಾಗಿ ಅಳೆಯುವುದೇ ಇಲ್ಲಿ ಮುಕ್ಕಾಲು ಕೆಲಸ. ಸೀರೆ ಉಡುವ, ಪ್ಯಾಂಟ್ ಕಟ್ಟುವ ಜಾಗ ಅದಲ್ಲ. ಎರಡೂ ಕೈಯನ್ನು ಪಕ್ಕೆಗಿಟ್ಟು ಒತ್ತಿದರೆ ಸೊಂಟದ ಮೂಳೆಯ ಮೇಲಂಚು ಬೆರಳಿಗೆ ಸಿಗುತ್ತದೆ. ಅದರ ಮೇಲೆ ಟೇಪು ಬರಬೇಕು. ಬಟ್ಟೆಯ ಮೇಲಲ್ಲ, ಬರಿ ಮೈ ಮೇಲೆ. ಕನ್ನಡಿಯ ಎದುರು ಪಕ್ಕಕ್ಕೆ ತಿರುಗಿ ನಿಂತು, ಟೇಪು ಬೆನ್ನ ಕಡೆ ಜಾರಿಲ್ಲ, ನೆಲಕ್ಕೆ ಸಮವಾಗಿದೆ ಎಂದು ನೋಡಿಕೊಳ್ಳಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಸಹಜವಾಗಿ ಉಸಿರು ಬಿಡಿ, ಬಿಟ್ಟ ಕೊನೆಯಲ್ಲಿ ಓದಿ. ಟೇಪು ಮೈಗೆ ತಾಗಿರಬೇಕು, ಚರ್ಮ ಒತ್ತಬಾರದು. ಮೂರು ಸಲ ಅಳೆದು ಮಧ್ಯದ ಸಂಖ್ಯೆ ಬರೆದುಕೊಳ್ಳಿ. ನನಗೆ ಮೊದಲ ದಿನ 91.5, 93, 92 ಬಂತು. ಬರೆದದ್ದು 92.

ಹಳೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ. ಶಾಲೆಯ ಮಕ್ಕಳ ಸ್ಕೇಲಿನ ಪಕ್ಕ ಇಟ್ಟು ಒಮ್ಮೆ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು.

ಎರಡನೆಯದು: ಶೇಕಡಾ ಎಷ್ಟು?

ಎತ್ತರವನ್ನು ಸೊಂಟದ ಸುತ್ತಳತೆಯಿಂದ ಭಾಗಿಸಿ. ಬಂದದ್ದನ್ನು 20ರಿಂದ ಗುಣಿಸಿ. ಹೆಂಗಸರು ಅದನ್ನು 76ರಿಂದ ಕಳೆಯಬೇಕು, ಗಂಡಸರು 64ರಿಂದ. ಎರಡೂ ಅಳತೆ ಸೆಂಟಿಮೀಟರಿನಲ್ಲಿರಲಿ.

ನನ್ನದು: 160 ÷ 92 = 1.74. ಅದನ್ನು 20ರಿಂದ ಗುಣಿಸಿದರೆ 34.8. 76ರಲ್ಲಿ 34.8 ಹೋದರೆ 41.2. ಲೆಕ್ಕಕ್ಕೆ ಸುಲಭವಾಗಲಿ ಎಂದು ಶೇ. 41 ಇಟ್ಟುಕೊಂಡೆ.

ಈ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಇದು ಅಂದಾಜು. ಸೂತ್ರವನ್ನು ಅಮೆರಿಕದ ಜನರ ಅಳತೆಗಳಿಂದ ಕಟ್ಟಿದ್ದಾರೆ, ನಮ್ಮ ಮೈಕಟ್ಟಿಗೆ ನಾಲ್ಕೈದು ಅಂಶ ಅತ್ತಿತ್ತ ಆಗಬಹುದು. ಆದರೆ ಒಬ್ಬರೇ, ಒಂದೇ ವಿಧಾನದಲ್ಲಿ, ತಿಂಗಳು ತಿಂಗಳು ಅಳೆದುಕೊಂಡಾಗ ಆ ತಪ್ಪು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇಳಿಯುತ್ತಿದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಾಗಾಗಿ ಜಿಮ್‌ನ ಯಂತ್ರದ ಸಂಖ್ಯೆಯನ್ನೂ ಟೇಪಿನ ಸಂಖ್ಯೆಯನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಮೂರನೆಯದು: ತೂಕವನ್ನು ಎರಡು ಪಾಲು ಮಾಡಿ

70 ಕೆ.ಜಿ.ಯಲ್ಲಿ ಶೇ. 41 ಅಂದರೆ 28.7 ಕೆ.ಜಿ. ಕೊಬ್ಬು. ಉಳಿದ 41.3 ಕೆ.ಜಿ. ಸ್ನಾಯು, ಮೂಳೆ, ರಕ್ತ, ನೀರು, ಅಂಗಾಂಗ ಎಲ್ಲ ಸೇರಿ. ಇದನ್ನು ನನ್ನ ನೋಟ್‌ಬುಕ್ಕಿನಲ್ಲಿ "ಉಳಿಸಿಕೊಳ್ಳಬೇಕಾದ್ದು" ಎಂದು ಬರೆದು ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದೇನೆ. ಮೂರು ವರ್ಷದ ಹಿಂದೆ ನನಗೆ ಗೊತ್ತಿಲ್ಲದೆ ಹೋದದ್ದು ಇದೇ ಪಾಲು. ಆರು ಕೆ.ಜಿ. ಇಳಿಯಿತು ಎಂದು ಸಂತೋಷಪಟ್ಟೆ, ಅದರಲ್ಲಿ ತೊಡೆಯ ಬಲವೂ ಸೇರಿತ್ತು.

ನಾಲ್ಕನೆಯದು: ಎಷ್ಟಕ್ಕೆ ಗುರಿ?

ಕೊಬ್ಬು ಪೂರಾ ಕೆಟ್ಟದ್ದಲ್ಲ. ಹಾರ್ಮೋನು, ನರ, ಮೂಳೆಮಜ್ಜೆ ಎಲ್ಲಕ್ಕೂ ಅದು ಬೇಕು. ಗಂಡಸರಿಗೆ ಬದುಕಲು ಬೇಕಾದ ಕನಿಷ್ಠ ಕೊಬ್ಬು ಶೇ. 3ರ ಆಸುಪಾಸು ಎಂದರೆ ಹೆಂಗಸರಿಗೆ ಶೇ. 12ರ ಆಸುಪಾಸು. ಹೆಣ್ಣಿನ ಮೈಯಲ್ಲಿ ಕೊಬ್ಬು ಹೆಚ್ಚಿರುವುದು ಪ್ರಕೃತಿ ಮಾಡಿಟ್ಟ ಏರ್ಪಾಡು. ತೀರಾ ಕೆಳಗಿಳಿಸಿದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಆದ್ದರಿಂದ ಗಂಡನೂ ಹೆಂಡತಿಯೂ ಒಂದೇ ಸಂಖ್ಯೆಗೆ ಪಂದ್ಯ ಕಟ್ಟಿಕೊಳ್ಳಬೇಡಿ.

ವ್ಯಾಯಾಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಪಟ್ಟಿಯ ಪ್ರಕಾರ ಗಂಡಸರಿಗೆ ಶೇ. 18ರಿಂದ 24, ಹೆಂಗಸರಿಗೆ ಶೇ. 25ರಿಂದ 31 ಸಾಧಾರಣ ಮಟ್ಟ. ಅದರ ಮೇಲೆ ಹೋದರೆ ಬೊಜ್ಜು. ಈ ಪಟ್ಟಿ ನೋಡಿದ ಕೂಡಲೇ 41ರಲ್ಲಿರುವವರು 28ಕ್ಕೆ ಗುರಿ ಇಡುತ್ತಾರೆ. ಅಲ್ಲೇ ಎಡವುವುದು. ನನ್ನ ಲೆಕ್ಕದಲ್ಲಿ 28 ಎಂದರೆ 41.3 ÷ 0.72, ಅಂದರೆ 57.4 ಕೆ.ಜಿ. ಹನ್ನೆರಡೂವರೆ ಕೆ.ಜಿ. ಬರೀ ಕೊಬ್ಬು ಇಳಿಯಬೇಕು, ಅದೂ ಒಂದು ಗ್ರಾಂ ಸ್ನಾಯು ಕಳೆದುಕೊಳ್ಳದೆ. ನಲವತ್ತನಾಲ್ಕರ ವಯಸ್ಸಿನಲ್ಲಿ, ಶಾಲೆ, ಮನೆ, ಅತ್ತೆಯವರ ಆರೈಕೆ ಮಧ್ಯೆ, ಅದು ಎರಡು ಮೂರು ವರ್ಷದ ಕೆಲಸ.

ಮೊದಲ ಗುರಿ ಈಗಿರುವ ಶೇಕಡಾವಾರಿಗಿಂತ ಮೂರರಿಂದ ಐದು ಅಂಶ ಕೆಳಗಿರಲಿ. ನಾನು 37 ಇಟ್ಟುಕೊಂಡೆ. ಸೂತ್ರ ಇಷ್ಟೇ: ಉಳಿಸಿಕೊಳ್ಳಬೇಕಾದ ತೂಕವನ್ನು, ಗುರಿಯಲ್ಲಿ ಕೊಬ್ಬಲ್ಲದ ಪಾಲಿನಿಂದ ಭಾಗಿಸಬೇಕು. ಕೊಬ್ಬು ಶೇ. 37 ಎಂದರೆ ಉಳಿದದ್ದು ಶೇ. 63. 41.3 ÷ 0.63 = 65.6. ಅಂದರೆ 4.4, ಸುಮಾರು ನಾಲ್ಕೂವರೆ ಕೆ.ಜಿ. ಇಳಿಸಬೇಕು. ಹತ್ತಲ್ಲ, ಎಂಟಲ್ಲ.

ಇಷ್ಟು ಕಡಿಮೆ ಇಳಿಸಿ ಏನು ಪ್ರಯೋಜನ ಎಂದು ಅನ್ನಿಸಬಹುದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಜನರಿಗೆ ಕೊಟ್ಟ ಗುರಿ ತೂಕದ ಶೇ. 7ರಷ್ಟು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ, ಅಷ್ಟೇ. ಅದರಿಂದ ಸಕ್ಕರೆ ಕಾಯಿಲೆ ಬರುವ ಸಂಭವ ಶೇ. 58ರಷ್ಟು ತಗ್ಗಿತು. 70 ಕೆ.ಜಿ.ಗೆ ಶೇ. 7 ಎಂದರೆ 4.9. ನನ್ನ ನಾಲ್ಕೂವರೆ ಅದರ ಹತ್ತಿರವೇ ಇದೆ.

ಒಂದೇ ಗುರಿಗೆ ಎರಡು ದಾರಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಾನು ಬರೆಯಲು ಕುಳಿತದ್ದೇ ಇದಕ್ಕಾಗಿ.

65.6 ಕೆ.ಜಿ. ಎಂಬ ಸಂಖ್ಯೆ ಬಂದದ್ದು ಸ್ನಾಯು ಸ್ವಲ್ಪವೂ ಕರಗುವುದಿಲ್ಲ ಎಂದುಕೊಂಡು. ಸ್ನಾಯುವಿಗೆ ಕೆಲಸ ಕೊಡದೆ ಬರೀ ಊಟ ತಗ್ಗಿಸಿದರೆ ಇಳಿಯುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ್ದು ಹೋಗುತ್ತದೆ. ಆಗ ಶೇ. 37 ಮುಟ್ಟಲು ನಾನು ಎಷ್ಟು ಇಳಿಸಬೇಕು? ಲೆಕ್ಕ ಹಾಕಿದೆ: 7.4 ಕೆ.ಜಿ. ತೂಕ 62.6ಕ್ಕೆ ಬರಬೇಕು.

ಸ್ನಾಯು ಉಳಿಸಿಕೊಂಡರೆ 4.4 ಕೆ.ಜಿ. ಇಳಿಸಿದರೆ ಸಾಕು, ಉಳಿಸಿಕೊಳ್ಳದಿದ್ದರೆ 7.4. ಮುಟ್ಟುವ ಶೇಕಡಾ ಎರಡರಲ್ಲೂ ಒಂದೇ. ಎರಡನೇ ದಾರಿಯಲ್ಲಿ ಮೂರು ಕೆ.ಜಿ. ಹೆಚ್ಚು ಹಸಿದಿರಬೇಕು, ಮೇಲಾಗಿ ಸುಮಾರು ಎರಡು ಕೆ.ಜಿ. ಸ್ನಾಯು ಕಳೆದುಕೊಂಡು ನಿಶ್ಶಕ್ತಿಯಿಂದ ನಿಂತಿರುತ್ತೇವೆ. ತಕ್ಕಡಿಯ ಮುಳ್ಳು ಮಾತ್ರ ಎರಡನೆಯವರನ್ನೇ ಹೊಗಳುತ್ತದೆ. "ಏಳು ಕೆ.ಜಿ. ಇಳಿಸಿದ್ದಾಳಂತೆ" ಎಂದು ನೆಂಟರೂ ಹೊಗಳುತ್ತಾರೆ.

ಸ್ನಾಯು ಉಳಿಯಲು ಬೇಕಾದದ್ದು ಎರಡು: ವಾರಕ್ಕೆ ಎರಡು ಮೂರು ದಿನ ಭಾರದ ಕೆಲಸ, ದಿನವೂ ಸಾಕಷ್ಟು ಪ್ರೋಟೀನ್. ಭಾರದ ಕೆಲಸಕ್ಕೆ ನಾನು ಜಿಮ್‌ಗೆ ಹೋಗಲಿಲ್ಲ. ಕುರ್ಚಿಯಿಂದ ಕೈ ಊರದೆ ಹನ್ನೆರಡು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಐದೈದು ಕೆ.ಜಿ. ಅಕ್ಕಿ ತುಂಬಿದ ಎರಡು ಚೀಲ ಹಿಡಿದು ಬಗ್ಗಿ ಏಳುವುದು, ಮೆಟ್ಟಿಲು. ಸುಲಭವಾಗತೊಡಗಿದ ಹಾಗೆ ಭಾರ ಹೆಚ್ಚಿಸಬೇಕು. ಮಂಡಿ ಅಥವಾ ಬೆನ್ನು ನೋವಿರುವವರು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ತೋರಿಸಿಕೊಂಡು ಶುರು ಮಾಡಿ.

ಪ್ರೋಟೀನ್ ವಿಷಯದಲ್ಲಿ ನಮ್ಮ ಊಟಕ್ಕೆ ಗಮನ ಕೊಡಬೇಕು. ಗುರಿ ತೂಕದ ಪ್ರತಿ ಕೆ.ಜಿ.ಗೆ 1.2 ಗ್ರಾಂ ಎಂದರೆ ನನಗೆ ಸುಮಾರು 79 ಗ್ರಾಂ. ಅನ್ನ, ತಿಳಿಸಾರು, ಒಂದು ಪಲ್ಯದಿಂದ ಅದು ಬರುವುದಿಲ್ಲ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಐವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ 11ರಿಂದ 12, ಒಂದು ದೊಡ್ಡ ಬಟ್ಟಲು ಮೊಸರಿನಲ್ಲಿ 6ರಿಂದ 7, ಮೂವತ್ತು ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15, ಒಂದು ಹಿಡಿ ಕಡಲೆಕಾಯಿಯಲ್ಲಿ 7. ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 7 ಇದೆ. ಮುದ್ದೆಗೆ ಬಸ್ಸಾರಿನ ಜೊತೆ ಬೆಂದ ಕಾಳನ್ನು ಎರಡು ಸೌಟು ಹೆಚ್ಚು ಹಾಕಿಕೊಂಡರೆ ಅರ್ಧ ದಾರಿ ಕ್ರಮಿಸಿದ ಹಾಗೆ. ಮಾಂಸ ಮೀನು ತಿನ್ನುವವರಿಗೆ ಇದು ಇನ್ನೂ ಸುಲಭ.

ಐದನೆಯದು: ಎಷ್ಟು ತಿಂಗಳು?

ವಾರಕ್ಕೆ ಈಗಿನ ತೂಕದ ಶೇ. 0.5ರಷ್ಟು ಇಳಿದರೆ ಒಳ್ಳೆಯದು, ಶೇ. 1ಕ್ಕಿಂತ ಹೆಚ್ಚು ಬೇಡ. ನನಗೆ ಅದು 350 ಗ್ರಾಂ. 4.4 ಕೆ.ಜಿ.ಗೆ ಹದಿಮೂರು ವಾರ. ಕ್ಯಾಲೆಂಡರ್ ತೆಗೆದು ನೋಡಿದೆ. ಆ ಅವಧಿಯಲ್ಲಿ ವರಮಹಾಲಕ್ಷ್ಮಿ ಇತ್ತು, ಗೌರಿ ಗಣೇಶ ಇತ್ತು, ದಸರಾಕ್ಕೆ ತವರಿಗೆ ಹೋಗುವುದಿತ್ತು, ಒಂದು ಗೃಹಪ್ರವೇಶ, ಪರೀಕ್ಷೆ ಪೇಪರ್ ತಿದ್ದುವ ಹತ್ತು ದಿನ. ಆ ವಾರಗಳಲ್ಲಿ ಇಳಿಯುವುದಿಲ್ಲ, ಏರದಿದ್ದರೆ ಸಾಕು ಎಂದು ಮೊದಲೇ ಬಿಟ್ಟುಕೊಟ್ಟೆ. ಹಾಗೆ ಐದು ವಾರ ಸೇರಿಸಿದರೆ ಹದಿನೆಂಟು. ಅದರ ಮೇಲೆ ಮೈ ಹಗುರಾದ ಹಾಗೆ ಅದು ಖರ್ಚು ಮಾಡುವ ಶಕ್ತಿಯೂ ಕಡಿಮೆಯಾಗುತ್ತದೆ, ಕೊನೆಕೊನೆಗೆ ಇಳಿತ ನಿಧಾನವಾಗುತ್ತದೆ. ಆದ್ದರಿಂದ ಐದು ತಿಂಗಳು ಎಂದು ಬರೆದೆ.

ಗುರಿ ನಿಜವಾಗಿರಬೇಕಾದರೆ ಹಬ್ಬ ಅದರೊಳಗೆ ಇರಬೇಕು. ಹೋಳಿಗೆ ಮುಟ್ಟುವುದಿಲ್ಲ ಎಂದು ಶಪಥ ಮಾಡಿ ಆಮೇಲೆ ನಾಲ್ಕು ತಿಂದು, "ಇನ್ನೇನು, ಎಲ್ಲ ಹಾಳಾಯಿತು" ಎಂದು ಇಡೀ ವಾರ ಕೈಬಿಡುವುದಕ್ಕಿಂತ, ಹಬ್ಬದ ದಿನ ಎರಡು ಹೋಳಿಗೆ ತುಪ್ಪ ಹಾಕಿಕೊಂಡೇ ತಿಂದು ಮರುದಿನದಿಂದ ಮಾಮೂಲಿಗೆ ಮರಳುವುದು ಸಾಧ್ಯವಿರುವ ಕೆಲಸ.

ದಿನಕ್ಕೆ ಎಷ್ಟು ಕಡಿತ?

ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಎಂದು ಲೆಕ್ಕ. ವಾರಕ್ಕೆ 350ರಿಂದ 400 ಗ್ರಾಂ ಇಳಿಯಬೇಕಾದರೆ ದಿನಕ್ಕೆ ಸರಿಸುಮಾರು 385ರಿಂದ 440 ಕ್ಯಾಲೊರಿ ಕಡಿಮೆಯಾಗಬೇಕು. ನಮ್ಮ ಅಡುಗೆಮನೆಯಲ್ಲಿ ಅದು ಎಲ್ಲಿತ್ತೆಂದರೆ: ದಿನಕ್ಕೆ ಮೂರು ಸಲ ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಅದೇ 120. ಒಗ್ಗರಣೆಯಲ್ಲಿ, ದೋಸೆಯ ಮೇಲೆ ನನ್ನ ಪಾಲಿಗೆ ಬರುತ್ತಿದ್ದ ಎಣ್ಣೆಯಲ್ಲಿ ಒಂದು ದೊಡ್ಡ ಚಮಚ ಕಡಿಮೆ ಮಾಡಿದರೆ ಇನ್ನೊಂದು 120. ರಾತ್ರಿ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ ಒಂದು ಕಪ್ ಅನ್ನ ಸುಮಾರು 200. ಆಯಿತಲ್ಲ. ಬೇರೆ ಏನನ್ನೂ ಬದಲಾಯಿಸಲಿಲ್ಲ, ಮನೆಯವರಿಗೆ ಬೇರೆ ಅಡುಗೆ ಮಾಡಬೇಕಾಗಿಯೂ ಬರಲಿಲ್ಲ.

ನೋಟ್‌ಬುಕ್ಕಿನ ಸರಾಸರಿ

ಮೊದಲ ವಾರ ಒಂದೂವರೆ ಎರಡು ಕೆ.ಜಿ. ಇಳಿದರೆ ನಂಬಬೇಡಿ. ಮೈಯಲ್ಲಿ ಕೂಡಿಟ್ಟ ಪಿಷ್ಟದ ಒಂದೊಂದು ಗ್ರಾಮೂ ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ಕಡಿಮೆಯಾದ ಕೂಡಲೇ ಮೊದಲು ಹೋಗುವುದು ಅದು. ಅದೇ ಕಾರಣಕ್ಕೆ ಮದುವೆ ಊಟದ ಮರುದಿನ ಒಂದು ಕೆ.ಜಿ. ಏರಿದರೂ ನಂಬಬೇಡಿ. ಮುಟ್ಟಿನ ಮುಂಚಿನ ದಿನಗಳಲ್ಲೂ ನೀರು ನಿಂತು ತೂಕ ಏರುತ್ತದೆ.

ಇದಕ್ಕೆ ಔಷಧಿ ಸರಾಸರಿ. ದಿನವೂ ಬೆಳಗ್ಗೆ ತೂಕ ನೋಡಿ ಬರೆದು, ಭಾನುವಾರ ಏಳನ್ನೂ ಕೂಡಿ ಏಳರಿಂದ ಭಾಗಿಸಿ. ನನ್ನ ಎರಡು ವಾರ ಹೀಗಿತ್ತು. ಮೊದಲನೆಯದು: 70.1, 69.6, 70.4, 70.0, 69.5, 70.6, 69.8. ಎರಡನೆಯದು: 69.9, 69.3, 70.3, 69.6, 69.4, 69.8, 69.2. ಎರಡನೇ ವಾರದ ಮೂರನೇ ದಿನ 70.3 ನೋಡಿ ಕಣ್ಣಲ್ಲಿ ನೀರು ಬಂದಿತ್ತು. ಶುರು ಮಾಡಿದ ದಿನಕ್ಕಿಂತ ಹೆಚ್ಚು! ಸರಾಸರಿ ತೆಗೆದರೆ ಮೊದಲ ವಾರ 70.0, ಎರಡನೇ ವಾರ 69.6. ಸುಮಾರು 360 ಗ್ರಾಂ ಇಳಿದಿತ್ತು, ಅಂದುಕೊಂಡಷ್ಟೇ. ದಿನವೂ ತೂಕ ನೋಡಿದರೆ ಮನಸ್ಸು ಕೆಡುತ್ತದೆ ಎನ್ನುವವರು ವಾರಕ್ಕೆರಡು ದಿನ ನೋಡಿ, ಟೇಪನ್ನು ಮಾತ್ರ ತಿಂಗಳಿಗೊಮ್ಮೆ ತಪ್ಪಿಸಬೇಡಿ.

ತೂಕ ಸರಿ ಇರುವಂತೆ ಕಾಣುವವರು

ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ನನ್ನ ತಮ್ಮನಿಗೆ ಸಕ್ಕರೆ ಅಂಚಿನಲ್ಲಿದೆ ಎಂದು ಬಂತು. "ಅಕ್ಕ, ನಾನೇನು ದಪ್ಪ ಇದೀನಾ? ಎಲ್ಲರೂ ಸ್ವಲ್ಪ ಮೈ ಹಿಡ್ಕೋ ಅಂತಾರೆ" ಎಂದು ಫೋನಿನಲ್ಲಿ ಅಂದ. ಎತ್ತರ 170, ತೂಕ 68. ನೂರು ಕಳೆಯುವ ಲೆಕ್ಕದಲ್ಲಿ ಇನ್ನೂ ಎರಡು ಕೆ.ಜಿ. ಏರಬಹುದು. ಹಬ್ಬಕ್ಕೆ ಬಂದಾಗ ಟೇಪು ಹಿಡಿದೆ: ಸೊಂಟ 94. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಎಂಬುದು ನಮ್ಮ ತಜ್ಞರ ಮಿತಿ. ಸೂತ್ರಕ್ಕೆ ಹಾಕಿದರೆ 170 ÷ 94 = 1.81, ಇಪ್ಪತ್ತರಿಂದ ಗುಣಿಸಿ 36.2, 64ರಲ್ಲಿ ಕಳೆದರೆ ಶೇ. 27.8. ಸುಮಾರು 19 ಕೆ.ಜಿ. ಕೊಬ್ಬು, 49 ಕೆ.ಜಿ. ಉಳಿದದ್ದು.

ಇಂಥವರು ಹೆಚ್ಚು ಇಳಿಸಲು ಹೋಗಬಾರದು. ಗುರಿ 24 ಇಟ್ಟರೆ 49 ÷ 0.76, ಅಂದರೆ 64.5 ಕೆ.ಜಿ. ಭಾರ ಎತ್ತಿ ಒಂದೇ ಒಂದು ಕೆ.ಜಿ. ಸ್ನಾಯು ಬೆಳೆಸಿಕೊಂಡರೆ 50 ÷ 0.76, ಅಂದರೆ 65.8. ಇಳಿಸಬೇಕಾದದ್ದು ಎರಡೇ ಕೆ.ಜಿ. ಅವನಿಗೆ ನಾನು ಬರೆದುಕೊಟ್ಟ ಗುರಿಯಲ್ಲಿ ತೂಕದ ಸಾಲೇ ಇಲ್ಲ. ಸೊಂಟ 94ರಿಂದ 90, ವಾರಕ್ಕೆ ಮೂರು ದಿನ ಭಾರ, ಮೂರು ತಿಂಗಳಿಗೊಮ್ಮೆ ವೈದ್ಯರು ಹೇಳಿದ ರಕ್ತ ಪರೀಕ್ಷೆ, ಇಷ್ಟೇ.

ಅವಧಿ ಮುಗಿದಾಗ

ಗುರಿಯ ದಿನ ಬಂದಾಗ ಮತ್ತೆ ಮೊದಲಿನಿಂದ ಅಳೆದು ಹೊಸ ಲೆಕ್ಕ ಹಾಕಬೇಕು, ಹಳೆಯ ಸಂಖ್ಯೆಗಳನ್ನು ಮುಂದುವರಿಸಬಾರದು. ಐದು ತಿಂಗಳಾದ ಮೇಲೆ ನನ್ನ ವಾರದ ಸರಾಸರಿ 65.9 ಕೆ.ಜಿ., ಸೊಂಟ 85. ಶೇಕಡಾ ಲೆಕ್ಕ 38.4. 37 ಮುಟ್ಟಲಿಲ್ಲ. ಆದರೆ ಪಾಲು ಮಾಡಿ ನೋಡಿದಾಗ ಕೊಬ್ಬು 28.7ರಿಂದ 25.3ಕ್ಕೆ ಇಳಿದಿತ್ತು, ಉಳಿಸಿಕೊಳ್ಳಬೇಕಾದ್ದು 41.3ರಿಂದ 40.6ಕ್ಕೆ. ಇಳಿದ 4.1ರಲ್ಲಿ 3.4 ಕೊಬ್ಬು. ಎರಡನೇ ಮಹಡಿಯ ತರಗತಿಗೆ ಈಗ ಪುಸ್ತಕದ ಚೀಲ ಹೊತ್ತು ನಿಲ್ಲದೆ ಹತ್ತುತ್ತೇನೆ.

ಇಳಿಸಿದ ಕೂಡಲೇ ಇನ್ನಷ್ಟು ಇಳಿಸಲು ಹೊರಡದೆ ಎರಡು ತಿಂಗಳು ಅದೇ ತೂಕದಲ್ಲಿ ನಿಲ್ಲುವುದು ಒಳ್ಳೆಯದು. ರಾತ್ರಿಯ ಅನ್ನ ಅರ್ಧ ಕಪ್ ವಾಪಸ್ ಬಂದಿದೆ, ಸಕ್ಕರೆ ಬಂದಿಲ್ಲ, ಅಕ್ಕಿ ಚೀಲಗಳು ಆರೂವರೆ ಕೆ.ಜಿ.ಗೆ ಏರಿವೆ. ಸಂಕ್ರಾಂತಿ ಕಳೆದ ಮೇಲಿನ ಗುರಿ ನೋಟ್‌ಬುಕ್ಕಿನ ಹೊಸ ಪುಟದಲ್ಲಿದೆ: ಶೇ. 35, ಅಂದರೆ 40.6 ÷ 0.65, 62.5 ಕೆ.ಜಿ. ಅವಧಿ ಆರು ತಿಂಗಳು, ಯುಗಾದಿಯ ವಾರ ಬಿಟ್ಟು.